ಮಾಲೆ ತೆಗೆದ ಕೂಡಲೇ ಮತ್ತೆ ಗುಟ್ಕಾ. ನಂಬಿಕೆಯಿಂದ ಚಟ ಬಿಡೋಕೆ ಆಗಲ್ವಾ?

ಎರಡು ವರ್ಷ ಅಯ್ಯಪ್ಪ ಮಾಲೆ ಹಾಕಿದಿರಿ, 41 ದಿನ ಗುಟ್ಕಾ ಮುಟ್ಟಲಿಲ್ಲ, ಶಬರಿಮಲೆಯಿಂದ ವಾಪಸ್ ಬರೋ ದಾರೀಲೇ ಮತ್ತೆ ಶುರುವಾಯ್ತು. ನನ್ನ ಭಕ್ತಿಯಲ್ಲೇ ಏನಾದರೂ ಕೊರತೆ ಇದೆಯಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ತಪ್ಪು ತಿಳೀಬೇಡಿ. ನಾನು ಮೂರು ವರ್ಷ ಇದನ್ನೇ ಮಾಡಿದವನು.

ನಾನು ತುಮಕೂರಿನಲ್ಲಿ ಆಟೋ ಓಡಿಸುತ್ತೇನೆ. ಊರು ಗುಬ್ಬಿ ಕಡೆ, ಅಡಿಕೆ ತೋಟದ ಮನೆ. ನಾವು ಉಂಡಿದ್ದು, ಓದಿದ್ದು, ತಂಗಿ ಮದುವೆ ಮಾಡಿದ್ದು ಎಲ್ಲ ಅಡಿಕೆ ದುಡ್ಡಿನಲ್ಲೇ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯ್ತಲ್ಲ, ನಮಗೇನೂ ತೊಂದರೆ ಆಗಲಿಲ್ಲ. ಪಾನ್ ಮಸಾಲಾ ಒಂದು ಪಾಕೆಟ್, ತಂಬಾಕು ಇನ್ನೊಂದು ಪಾಕೆಟ್, ಎರಡನ್ನೂ ಬೆರೆಸಿ ಬಾಯಿಗೆ ಹಾಕಿಕೊಂಡರೆ ಮುಗೀತು. ದಿನಕ್ಕೆ ಹದಿನೈದು ಜೊತೆ ಆಗುತ್ತಿತ್ತು.

ಮಾಲೆಯಲ್ಲಿದ್ದಾಗ ಬಿಡೋದು ಯಾಕೆ ಸುಲಭ ಗೊತ್ತಾ? ಅದನ್ನು ನಾವು ಬಿಟ್ಟಿರಲ್ಲ, ಊರೇ ಸೇರಿ ಬಿಡಿಸಿರುತ್ತೆ. ಕಪ್ಪು ಬಟ್ಟೆ ಕಂಡರೆ ಪೆಟ್ಟಿಗೆ ಅಂಗಡಿಯವನು ‘ಸ್ವಾಮಿ’ ಅನ್ನುತ್ತಾನೆ, ಕೇಳಿದರೂ ಕೊಡಲ್ಲ. ಸ್ಟ್ಯಾಂಡಿನ ಹುಡುಗರು ಆ ಕಡೆ ತಿರುಗಿ ಹಾಕಿಕೊಳ್ಳುತ್ತಾರೆ. ಬೆಳಗಿನ ಜಾವ ತಣ್ಣೀರು ಸ್ನಾನ, ಸಂಜೆ ಭಜನೆ, ರಾತ್ರಿ ಚಾಪೆ. ಮಾಲೆ ತೆಗೆದ ಮಾರನೇ ದಿನ ಅದೇ ಅಂಗಡಿಯವನು ನಾನು ಕೇಳೋ ಮೊದಲೇ ಎರಡು ಪಾಕೆಟ್ ಮುಂದಿಡುತ್ತಾನೆ. ಅವನಿಗೆ ನಾನು ಮತ್ತೆ ‘ಅಣ್ಣ’. ಇನ್ನೊಂದು ವಿಷಯ, ಕೊನೇ ದಿನ ಯಾವುದು ಅಂತ ನನಗೆ ಮೊದಲೇ ಗೊತ್ತಿರುತ್ತಿತ್ತು. ಇರುಮುಡಿ ಹೊತ್ತು ಹದಿನೆಂಟು ಮೆಟ್ಟಿಲು ಹತ್ತುವಾಗಲೂ ಒಳಗೊಳಗೇ ಗಂಟೆ ಎಣಿಸುತ್ತಿದ್ದೆ. ಅಯ್ಯಪ್ಪ ಕ್ಷಮಿಸಲಿ.

ಒಂದು ಭಾನುವಾರ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದೆವು. ಚಟ್ನಿ ನಾಲಿಗೆಗೆ ಸೋಕಿದ್ದೇ ತಡ, ಬಾಯೆಲ್ಲ ಬೆಂಕಿ. ಹೆಂಡತಿ ನೋಡ್ತಾ ಇದ್ದು, “ಯಾಕ್ರೀ, ಮಕ್ಕಳ ಥರ ಚೂರು ಚೂರು ಮಾಡಿ ತಿಂತೀರಲ್ಲ?” ಅಂದಳು. ಬಾಯಿ ಅಗಲ ತೆರೆಯೋಕೆ ಆಗುತ್ತಿಲ್ಲ ಅನ್ನೋದು ನನಗೇ ಗೊತ್ತಾಗಿರಲಿಲ್ಲ. ಹಲ್ಲಿನ ಡಾಕ್ಟರು ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಿ ಅಂದರು. ಎರಡೇ ಹೋದವು, ಅದೂ ಕಷ್ಟಪಟ್ಟು. ಒಳಗೆನ್ನೆ ಗಟ್ಟಿಯಾಗಿದೆ, ಇದು ತಂಬಾಕಿಗಿಂತ ಜಾಸ್ತಿ ಅಡಿಕೆಯಿಂದ ಬರೋದು, ಹೀಗೇ ಬಿಟ್ಟರೆ ಕ್ಯಾನ್ಸರ್‌ಗೂ ತಿರುಗಬಹುದು ಅಂದರು. ತಂಬಾಕು ಬಿಟ್ಟು ಬರೀ ಅಡಿಕೆ ಹಾಕಿಕೊಂಡರೆ ಆಗಲ್ವಾ ಅಂತ ಬೇರೆ ಕೇಳಿದೆ! ಅಡಿಕೆ ಮನೆಯ ಹುಡುಗ, ಏನು ಮಾಡೋದು.

ನಾಲ್ಕನೇ ವರ್ಷ ಮಾಲೆಗೆ ಅಂತ ಗುರುಸ್ವಾಮಿ ಹತ್ತಿರ ಹೋದೆ. ಈ ಸಲ ಗಟ್ಟಿ ಹರಕೆ ಹೊರುತ್ತೇನೆ ಅಂದೆ. ಅವರು ಮಾಲೆ ಹಾಕಲಿಲ್ಲ. “ಮೊದಲು ಮಾಲೆ ಇಲ್ಲದೆ 41 ದಿನ ಇದ್ದು ಬಾ. ಆಮೇಲೆ ಹಾಕ್ತೀನಿ,” ಅಂದರು. ನನಗೆ ಸಿಟ್ಟು ಬಂತು. ದೇವರ ಹತ್ತಿರ ಹೋಗೋಕೂ ಪರೀಕ್ಷೆಯಾ ಅಂತ. ಆದರೂ ಆಯುಧ ಪೂಜೆ ದಿನ ಆಟೋ ತೊಳೆದು, ತಲೆ ಮೇಲಿನ ಪಟ್ಟಿಯಲ್ಲಿ ಸಿಕ್ಕಿಸಿದ್ದ ಪಾಕೆಟ್‌ಗಳನ್ನೆಲ್ಲ ತೆಗೆದು ಬಿಸಾಕಿದೆ.

ಮೊದಲ ಮೂರು ದಿನ ನರಕ. ತಲೆನೋವು, ಸಿಡುಕು, ಪ್ಯಾಸೆಂಜರ್ ಜೊತೆ ಜಗಳ. ಆಮೇಲೆ ಸ್ವಲ್ಪ ಸ್ವಲ್ಪ ಇಳೀತು. ತಡೆಯೋಕೆ ಆಗದಾಗ ನಿಕೋಟಿನ್ ಗಮ್ ಹಾಕಿಕೊಂಡೆ. ಅದನ್ನು ಚೂಯಿಂಗ್ ಗಮ್ ಥರ ಸುಮ್ನೆ ಜಗಿಯೋದಲ್ಲ, ಚುರುಗುಟ್ಟಿದ ಮೇಲೆ ಕೆನ್ನೆಯಲ್ಲಿ ಒತ್ತಿ ಇಟ್ಟುಕೊಳ್ಳಬೇಕು. ನಿಮಗೆ ಎಷ್ಟು ಬೇಕು ಅಂತ ಡಾಕ್ಟರನ್ನೇ ಕೇಳಿ. ತಂಬಾಕು ಬಿಡಿಸೋ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಅದಕ್ಕೂ ಫೋನ್ ಮಾಡಿದ್ದೆ. ಎಲ್ಲಕ್ಕಿಂತ ಕಷ್ಟ ಆಗಿದ್ದು ಆ ಅಂಗಡಿಯವನಿಗೆ ‘ನನಗೆ ಕೊಡಬೇಡಪ್ಪ’ ಅಂತ ಹೇಳೋದು. ಎರಡು ದಿನ ಬಾಯೇ ಬರಲಿಲ್ಲ. ಕೊನೆಗೆ ಹೇಳಿದೆ, ಅವನು ನಕ್ಕು ಬಾಳೆಹಣ್ಣು ಕೊಟ್ಟ.

19ನೇ ದಿನ ಭಾವನ ಮನೆ ಗೃಹಪ್ರವೇಶ. ಊಟ ಆದ ಮೇಲೆ ಯಾರೋ ಕೊಟ್ಟರು, ಹಾಕಿಕೊಂಡುಬಿಟ್ಟೆ. ಮಾಲೆಯಲ್ಲಿದ್ದಿದ್ದರೆ ವ್ರತ ಕೆಟ್ಟಿತು ಅಂತ ಅಲ್ಲಿಗೇ ಬಿಡುತ್ತಿದ್ದೆ. ಎರಡು ದಿನ ಮುಖ ಮರೆಸಿಕೊಂಡಿದ್ದು, ಆಮೇಲೆ ಗುರುಸ್ವಾಮಿಗೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. “ಇವತ್ತು ಎಷ್ಟನೇ ದಿನ?” ಅಂದರು. 21 ಅಂದೆ. “ಹಾಗಾದರೆ ನಾಳೆ 22 ಅಲ್ವಾ, ಹೋಗು,” ಅಂದರು. ಅಷ್ಟೇ. ಡಿಸೆಂಬರ್ ಮೊದಲ ವಾರ ಮಾಲೆ ಹಾಕಿದರು. ಆ ವರ್ಷ ಜನವರಿ 14ರಂದು ಮಕರಜ್ಯೋತಿ ನೋಡುವಾಗ ನಾನು ಗಂಟೆ ಎಣಿಸುತ್ತಿರಲಿಲ್ಲ.

ಹಾಗಾಗಿ ನಿಮ್ಮ ಭಕ್ತಿಗೇನೂ ಕೊರತೆ ಇಲ್ಲ ಅಂತ ನನಗನ್ನಿಸುತ್ತೆ. 42ನೇ ದಿನಕ್ಕೆ ನಿಮ್ಮ ಹತ್ತಿರ ಯಾರೂ ಇರಲಿಲ್ಲ, ಅದೇ ಆಗಿದ್ದು. ಜಾರಿದೆ ಅಂತ ನಾಚಿಕೆ ಇಲ್ಲದೆ ಹೇಳಿಕೊಳ್ಳೋಕೆ ಒಬ್ಬರನ್ನು ಮೊದಲೇ ನೋಡಿಟ್ಟುಕೊಳ್ಳಿ. ಹೆಂಡತಿಯೋ, ಗುರುಸ್ವಾಮಿಯೋ, ಯಾರಾದರೂ ಸರಿ.

ನನ್ನ ಬಾಯಿ ಪೂರ್ತಿ ಮೊದಲಿನ ಹಾಗಾಗಿಲ್ಲ, ಆಗೋದೂ ಇಲ್ಲ ಅಂದಿದ್ದಾರೆ ಡಾಕ್ಟರು. ಇಡ್ಲಿ ಈಗಲೂ ಚೂರು ಮಾಡಿಯೇ ತಿನ್ನುತ್ತೇನೆ, ಚಟ್ನಿ ಮಾತ್ರ ಉರಿಯಲ್ಲ. ನೀವು ಈ ಸಲದ ಮಾಲೆವರೆಗೆ ಕಾಯಬೇಡಿ. ಇವತ್ತೇ ಕನ್ನಡಿ ಮುಂದೆ ನಿಂತು ಮೂರು ಬೆರಳು ಇಟ್ಟು ನೋಡಿ. ಹೋಗದಿದ್ದರೆ ನಾಳೆ ಬೆಳಗ್ಗೆಯೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ.