ಹಕ್ಕಿ ಬಹಳ ಅದಾವ, ಮಂಗಟ್ಟೆ ಯಾಕ ಬರವಲ್ದು?

ಪ್ರಶ್ನೆ: ಖಾನಾಪುರ ತಾಲ್ಲೂಕಿನ ಕಾಡಂಚಿನಲ್ಲಿ ನಮ್ಮ ನಾಲ್ಕು ಎಕರೆ ಹೊಲವಿದೆ. ಬದುವಿನ ಮರ ಕಡಿದು ಕಬ್ಬು ಹಾಕಿ ಆರು ವರ್ಷವಾಯಿತು. ಹಕ್ಕಿಗೇನೂ ಬರವಿಲ್ಲ, ಆದರೆ ಮಂಗಟ್ಟೆ, ಕುಟ್ರುಹಕ್ಕಿ ಕಾಣುತ್ತಿಲ್ಲ. ಮತ್ತೆ ಬರುವಂತೆ ಮಾಡಬಹುದೆ?

ಉತ್ತರ: ಕಾಡು ಹೊಲವಾದಾಗ ಹಕ್ಕಿಗಳ ಎಣಿಕೆ ಇಳಿಯಲೇಬೇಕೆಂದಿಲ್ಲ, ಜಾತಿಗಳು ಬದಲಾಗುತ್ತವೆ. ಗೊರವಂಕ, ಬೆಳ್ಳಕ್ಕಿ, ಕಾಜಾಣ ಬಯಲಿಗೆ ಒಗ್ಗಿದವು. ಅವು ಬಂದು ಲೆಕ್ಕ ತುಂಬಿಸುತ್ತವೆ. ಮೊದಲು ಜಾಗ ಬಿಡುವವು ನೆರಳಿನ ತರಗೆಲೆಯಲ್ಲಿ ಹುಳ ಹೆಕ್ಕುವ ಸಣ್ಣ ಹಕ್ಕಿಗಳು. ಅವುಗಳಲ್ಲಿ ಹಲವು ತೆರೆದ ಹೊಲ ದಾಟಲೂ ಹಿಂಜರಿಯುತ್ತವೆ. ದೊಡ್ಡ ಹಣ್ಣು ನುಂಗುವ ಹಕ್ಕಿಗಳದೂ ಅದೇ ಪಾಡು.

ಮಂಗಟ್ಟೆಗೆ ಪೊಟರೆ ಕೊರೆಯಲು ಬರುವುದಿಲ್ಲ. ಹಳೆಯ ಮರದ ಕೊಂಬೆ ಮುರಿದು, ಕೊಳೆತು, ತಾನಾಗಿ ಆದ ಪೊಟರೆಯೇ ಬೇಕು. ಹೆಣ್ಣು ಒಳಹೊಕ್ಕು ಹಿಕ್ಕೆಯಿಂದಲೇ ಅದರ ಬಾಯಿ ಮೆತ್ತಿ, ಕೊಕ್ಕಿನ ತುದಿ ಹೊರಬರುವಷ್ಟು ಸೀಳು ಉಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ವಾರಗಟ್ಟಲೆ ಗಂಡು ಆ ಸೀಳಿನಲ್ಲೇ ಅತ್ತಿ, ಆಲದ ಹಣ್ಣು ತಂದು ಉಣಿಸಬೇಕು. ಅಂದರೆ ಗೂಡಿನ ಮರ ಭೀಮಗಡದ ಕಾಡಿನಲ್ಲಿ ಉಳಿದರೂ ನಿಮ್ಮ ಬದುವಿನ ಅತ್ತಿ ಹೋದರೆ ಗಂಡಿನ ಹಾರಾಟ ದೂರವಾಗುತ್ತದೆ, ಮರಿಗೆ ತುತ್ತು ಕಡಿಮೆಯಾಗುತ್ತದೆ.

ಕಬ್ಬು ಬಿಡಬೇಕಿಲ್ಲ. ಉತ್ತರದ ಬದುವನ್ನು ಮರಕ್ಕೆ ಕೊಡಿ. ನಮ್ಮಲ್ಲಿ ವರ್ಷದ ಹೆಚ್ಚು ಕಾಲ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಹೊಲದ ಹೊರಗೇ ಬೀಳುತ್ತದೆ (ಆಚೆ ಹಳ್ಳವೋ ದಾರಿಯೋ ಇದ್ದರೆ ಒಳ್ಳೆಯದು, ನೆರೆಯವರ ಹೊಲವಿದ್ದರೆ ಮೊದಲೇ ಮಾತಾಡಿ). ಆಲ, ಬಸರಿ ಗೂಟದಿಂದ ಬರುತ್ತವೆ: ಮಣಿಕಟ್ಟಿನ ದಪ್ಪ, 6–7 ಅಡಿ ಉದ್ದದ ಕೊಂಬೆ ಕಡಿದು, ಜೂನ್ ಮಳೆ ಹಿಡಿದೊಡನೆ 2 ಅಡಿ ಆಳಕ್ಕೆ ಹೂಳಿ, ತುದಿಯ ಗಾಯಕ್ಕೆ ಸಗಣಿ-ಮಣ್ಣು ಮೆತ್ತಿ. ತಲೆಕೆಳಗಾಗಿ ನೆಟ್ಟರೆ ಒಣಗುತ್ತದೆ. ಬಾವಿ, ಮನೆಯ ಹತ್ತಿರ ಬೇಡ, ಬೇರು ಗೋಡೆ ಒಡೆಯುತ್ತದೆ. ನಡುನಡುವೆ ನೇರಳೆ ಸಸಿ ಇರಲಿ. ಅಕೇಶಿಯಾ, ನೀಲಗಿರಿಯಲ್ಲಿ ಈ ಹಕ್ಕಿಗಳಿಗೆ ತಿನ್ನುವ ಹಣ್ಣಿಲ್ಲ.

ಬಹಳ ಕಡೆ ಇದೆಲ್ಲ ಕೆಡುವುದು ಕಬ್ಬು ಕಡಿದ ಮೇಲೆ ಉಳಿದ ರವದಿಗೆ (ಒಣಗರಿಗೆ) ಬೆಂಕಿ ಇಟ್ಟಾಗ. ಎಳೆಯ ಮರದ ಬುಡ ಒಮ್ಮೆ ಸುಟ್ಟರೆ ತೊಗಟೆ ಸತ್ತುಹೋಗುತ್ತದೆ. ರವದಿಯನ್ನು ಸಾಲಿನಲ್ಲೇ ಮುಚ್ಚಿಗೆಯಾಗಿ ಬಿಡಿ.

ಒಣಮರವೊಂದು ನಿಂತಿದ್ದರೆ ದಯವಿಟ್ಟು ಕಡಿಯಬೇಡಿ. ಕುಟ್ರುಹಕ್ಕಿ ಮೆತ್ತಗಾದ ಒಣಕೊಂಬೆಯನ್ನು ತಾನೇ ಕೊರೆದು ಗೂಡು ಮಾಡುತ್ತದೆ, ಹಾಗಾಗಿ ಮಂಗಟ್ಟೆಗಿಂತ ಮೊದಲು ಮರಳುವುದು ಅದೇ. ಜನವರಿಯಿಂದ ಮೇವರೆಗೆ ವಾರಕ್ಕೊಮ್ಮೆ, ಹೊತ್ತು ಮೂಡಿದ ಮೇಲೆ ಬದುವಿನ ಒಂದೇ ಜಾಗದಲ್ಲಿ 10 ನಿಮಿಷ ನಿಂತು, ಒಂದೊಂದು ಜಾತಿಯನ್ನೂ ಬೇರೆಬೇರೆ ಬರೆದಿಡಿ. ಒಟ್ಟು ಸಂಖ್ಯೆ ಬರೆದರೆ ಗೊರವಂಕಗಳೇ ಲೆಕ್ಕ ತುಂಬಿಬಿಡುತ್ತವೆ.