ಬ್ಯಾಟನ್ ಆಮೇಲೆ, ಮೊದಲು ಪೆನ್ಸಿಲ್ ಹಿಡಿಯಿರಿ

ಆರು ವಾದಕರು, ಒಬ್ಬ ಗಾಯಕಿ, ಆರೇ ರಿಹರ್ಸಲ್. ಅಷ್ಟರಲ್ಲಿ ಫ್ರೆಂಚ್ ಸಂಯೋಜಕ, ಕಂಡಕ್ಟರ್ ಪಿಯರ್ ಬುಲೆಜ್ ಅವರ ‘ಲ ಮಾರ್ಟೋ ಸಾಂ ಮೆತ್ರ್’ ಆಗುತ್ತದಾ, ಅವರ ಹಾಗೆ ಬ್ಯಾಟನ್ (ಕಂಡಕ್ಟರ್ ಕೈಯ ಕೋಲು) ಇಲ್ಲದೆ ನಡೆಸಬಹುದಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ನಾನೂ ಹಾಕಿದ್ದೆ. ಆದರೆ ಕೆಟ್ಟದ್ದು ಬ್ಯಾಟನ್ನಿಂದಲ್ಲ, 7/8ರಿಂದ, ಅಂದರೆ ಏಳು ಚಿಕ್ಕ ಎಣಿಕೆ (ಕ್ವೇವರ್) ಇರುವ ಅಳತೆಯಿಂದ (ಬಾರ್).

ಸಹಪಾಠಿಯೊಬ್ಬರ ಹೊಸ ಕೃತಿ. 7/8 ಬಂದಲ್ಲೆಲ್ಲ ನನ್ನ ಸ್ಕೋರಿನಲ್ಲಿ 3+2+2 ಅಂತ ಗೀಟು ಹಾಕಿಕೊಂಡೆ. ಕರ್ನಾಟಕ ಸಂಗೀತದ ಏಳೆಣಿಕೆಯ ತಾಳ ಮಿಶ್ರ ಚಾಪು ಕಿವಿಗೆ ಹತ್ತಿದವರಿಗೆ ಅದೇ ತಾನಾಗಿ ಬರುತ್ತದೆ: ತಕಿಟ ತಕದಿಮಿ. ವಯೋಲಾ (ಪಿಟೀಲಿಗಿಂತ ದೊಡ್ಡದು) ಪಾರ್ಟಿನಲ್ಲಿ, ಅಂದರೆ ಆ ವಾದ್ಯದ ಸ್ವರಲಿಪಿಯಲ್ಲಿ, ಅದೇ ಬಾರ್ 2+2+3 ಅಂತ ಬೀಮ್ ಆಗಿತ್ತು (ಸ್ವರಗಳನ್ನು ಗೀಟಿನಿಂದ ಗುಂಪು ಮಾಡಿತ್ತು), ಲೋಹದ ಪಟ್ಟಿಗಳ ವಾದ್ಯ ವೈಬ್ರಫೋನಿನಲ್ಲಿ 2+3+2. ನಿಮಿಷಕ್ಕೆ 240 ಕ್ವೇವರ್ ಅಂದರೆ ಒಂದಕ್ಕೆ ಕಾಲು ಸೆಕೆಂಡ್. ನನ್ನ ಎರಡನೇ ಪೆಟ್ಟು ಬೀಳುವುದು 0.75 ಸೆಕೆಂಡಿಗೆ, ವಯೋಲಾ ಅದನ್ನು ಕಾಯುವುದು 0.5ಕ್ಕೆ. ಕೈ ತಡವಾಗಿ ಬಿತ್ತು ಅಂದರೆ ವಾದಕರಿಗೆ ಅನಿಸುವುದೇನು? ಟೆಂಪೊ ಇಳಿಯಿತು ಅಂತ. ವಯೋಲಾ ಸ್ವರಗಳನ್ನು ಎಳೆಯಿತು. ವೈಬ್ರಫೋನ್ ನನ್ನನ್ನು ನೋಡುವುದು ಬಿಟ್ಟು ತನ್ನ ಎಣಿಕೆ ನಂಬಿ ಮುಂದಿನ ಬಾರ್‌ಗೆ ಸರಿಯಾದ ಸಮಯಕ್ಕೆ ಬಂತು. ಅದು 5/8, ಅಲ್ಲಿ ಈಗ ಎರಡೆರಡು ಡೌನ್‌ಬೀಟ್ (ಬಾರಿನ ಮೊದಲ ಪೆಟ್ಟು). ಚಾಪು ತಾಳದಲ್ಲಾದರೆ ಮುಂದಿನ ಆವರ್ತನದಲ್ಲಿ ಸಮ (ಮೊದಲ ಪೆಟ್ಟು) ಸಿಕ್ಕೇ ಸಿಗುತ್ತದೆ, ತಪ್ಪಿದವರು ಹತ್ತಿಕೊಳ್ಳಬಹುದು. ಇಲ್ಲಿ ಪ್ರತಿ ಬಾರ್ ಬೇರೆ, ಹತ್ತಿಕೊಳ್ಳುವ ಜಾಗವೇ ಇಲ್ಲ.

ರಿಹರ್ಸಲ್‌ನಲ್ಲಿ ಯಾಕೆ ಗೊತ್ತಾಗಲಿಲ್ಲ? ನಿಧಾನಕ್ಕೆ ನುಡಿಸುವಾಗ ಏಳೂ ಪೆಟ್ಟು ತೋರಿಸುತ್ತಿದ್ದೆ, ಗುಂಪು ಹೇಗಿದ್ದರೂ ಎಲ್ಲ ಸರಿ ಬರುತ್ತಿತ್ತು. ವೇಗ ಏರಿಸಿ ಮೂರು ಪೆಟ್ಟಿಗೆ ಇಳಿದಾಗ ಮಾತ್ರ ಒಡೆಯಿತು. ಒಬ್ಬರ ಎಣಿಕೆಯೂ ತಪ್ಪಿರಲಿಲ್ಲ, ಅದೇ ಕಷ್ಟ. ಕೊನೆಗೆ ವೇದಿಕೆ ಮೇಲೆ ನಿಲ್ಲಿಸಿ ಮತ್ತೆ ಶುರು ಮಾಡಬೇಕಾಯಿತು.

ಹಾಗಾಗಿ ಪಾರ್ಟ್‌ಗಳನ್ನು ಕಳಿಸುವ ಮೊದಲೇ, ಎಲ್ಲ ಆರು ಪಾರ್ಟ್‌ಗಳಲ್ಲೂ ಒಂದೇ ಗುರುತು: 2ಕ್ಕೆ ಉದ್ದ ಗೀಟು, 3ಕ್ಕೆ ತ್ರಿಕೋನ. ಬೀಮ್ ಬೇರೆ ಇದ್ದರೆ ಇರಲಿ, ಅದು ಪದಗುಚ್ಛ ಹೇಳುತ್ತದೆ, ಕೈ ಹೇಳುವುದು ಗುರುತನ್ನು. ಗುಂಪು ಆರಿಸುವಾಗ ಹೆಚ್ಚು ಸ್ವರ ಇರುವವರ ಬೀಮ್ ಅನುಸರಿಸಿ, ನಿಮ್ಮ ಅಭ್ಯಾಸವನ್ನಲ್ಲ. ಮೊದಲ ರಿಹರ್ಸಲ್‌ನ ಅರ್ಧ ಗಂಟೆ ವಾದ್ಯ ಮುಟ್ಟಬೇಡಿ, ‘ತಕ’, ‘ತಕಿಟ’ ಅಂತ ಬಾಯಲ್ಲೇ ಪೂರ್ತಿ ವೇಗದಲ್ಲಿ ಹೇಳಿಸಿ. ಮೆಟ್ರೊನೋಮ್ ಕ್ವೇವರಿಗೆ ಮಾತ್ರ.

ಬರಿಗೈ ವಿಷಯ. ಎರಡು ಮೂರು ಮೀಟರ್ ದೂರದಲ್ಲಿ ಕೂತ ಆರು ಜನಕ್ಕೆ ಬ್ಯಾಟನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪೆಟ್ಟು ಪ್ರತಿ ಸಲ ಒಂದೇ ಎತ್ತರದಲ್ಲಿ ಬೀಳಬೇಕು, 3ರ ಪೆಟ್ಟು 2ರದ್ದಕ್ಕಿಂತ ತುಸು ಮೇಲೆ ಪುಟಿಯಬೇಕು, ಅಷ್ಟೇ. ಬುಲೆಜ್ ಕೈಯಲ್ಲಿ ನೋಡಬೇಕಾದ್ದೂ ಅದನ್ನೇ: ಚಿಕ್ಕ ಚಲನೆ, ಒಂದು ಗುಲಗಂಜಿ ಹೆಚ್ಚಿಲ್ಲ. 1946ರಿಂದ ಪ್ಯಾರಿಸ್ಸಿನ ರೆನೊ-ಬಾರೊ ನಾಟಕ ಕಂಪನಿಯ ಸಂಗೀತ ನಡೆಸುತ್ತಾ ತಾವೇ ಕಲಿತ ಕೈ ಅದು.

ಇನ್ನು ‘ಮಾರ್ಟೋ’. ಪೂರ್ತಿ ಮಾಡಬೇಡಿ. 1955ರಲ್ಲಿ ಜರ್ಮನಿಯ ಬಾಡೆನ್-ಬಾಡೆನ್‌ನಲ್ಲಿ ಮೊದಲ ಪ್ರದರ್ಶನಕ್ಕೆ ಕಂಡಕ್ಟರ್ ಹಾನ್ಸ್ ರೋಸ್‌ಬೌಡ್ ಸುಮಾರು 50 ರಿಹರ್ಸಲ್ ತೆಗೆದುಕೊಂಡರು. ಇವತ್ತಿನ ವಾದಕರು ಬೇಗ ಹಿಡಿಯುತ್ತಾರೆ, ನಿಜ, ಆದರೂ ಆರರಲ್ಲಿ ಒಂಬತ್ತು ಭಾಗ ಆಗಲ್ಲ. ಮೂರನೆಯ ಭಾಗ ಒಂದೇ ತಗೊಳ್ಳಿ: ಆಲ್ಟೊ (ತಗ್ಗು ಸ್ಥಾಯಿಯ ಹೆಣ್ಣು) ದನಿ, ಆಲ್ಟೊ ಕೊಳಲು, ಇಬ್ಬರೇ. ಆಲ್ಟೊ ಕೊಳಲು ಬರೆದದ್ದಕ್ಕಿಂತ ಐದು ಅರ್ಧಸ್ವರ ಕೆಳಗೆ ಕೇಳುತ್ತದೆ, ತಳದ ಸ್ವರಗಳಲ್ಲಿ ಶಕ್ತಿ ಕಡಿಮೆ. ಗಾಯಕಿ ಅರ್ಧ ದನಿಯಲ್ಲಿ ಹಾಡಿದರೂ ಮುಳುಗುತ್ತದೆ. ಕೊಳಲನ್ನು ಮುಂದೆ ಕೂರಿಸಿ.

ಅದರ ಪಕ್ಕಕ್ಕೆ ಫ್ರೆಂಚ್ ಸಂಯೋಜಕ ಡೆಬ್ಯುಸಿಯ 1915ರ ಸೊನಾಟಾ ಇಡಿ, ಕೊಳಲು, ವಯೋಲಾ, ಹಾರ್ಪ್‌ನದ್ದು. ಹಾರ್ಪ್ ವಾದಕರೊಬ್ಬರನ್ನು ಹೊರಗಿನಿಂದ ಕರೆಯಬೇಕಾಗುತ್ತದೆ. ಹಳೆಯದು ಬೆರೆಸಿದರೆ ಹೊಸ ಸಂಗೀತಕ್ಕೆ ಅವಮಾನ ಅಂತ ನೀವು ಬರೆದದ್ದು ನನಗೆ ಒಪ್ಪಿಗೆಯಿಲ್ಲ. ಬುಲೆಜ್ ಪ್ಯಾರಿಸ್‌ನಲ್ಲಿ ಕಟ್ಟಿದ ಹೊಸ ಸಂಗೀತದ ಕಛೇರಿ ಸರಣಿ ದೊಮೇನ್ ಮ್ಯುಸಿಕಾಲ್‌ನ 1954ರ ಮೊದಲ ಕಾರ್ಯಕ್ರಮದಲ್ಲೇ ಆಗಿನ ಹೊಸಬರಾದ ಸ್ಟಾಕ್‌ಹೌಸೆನ್, ನೊನೊ ಜೊತೆ ಹದಿನೆಂಟನೇ ಶತಮಾನದ ಬಾಖ್ ಇದ್ದರು.

ನಿಮ್ಮ ಉಳಿದ ವಾದ್ಯಗಳಿಗೆ ಪರಿಚಯದ ಸಂಯೋಜಕರಿಂದ ಐದು ನಿಮಿಷದ ಹೊಸದೊಂದು ಬರೆಸಿ, ಆರರಲ್ಲಿ ನಾಲ್ಕು ರಿಹರ್ಸಲ್ ಅದಕ್ಕೇ ಕೊಡಿ. ಗಿಟಾರ್ ವೈಬ್ರಫೋನಿನಿಂದ ದೂರ ಇರಲಿ, ಅದರ ಸ್ವರ ಮೊಳಗುತ್ತಲೇ ಇರುವ ಹಾಗೆ ಪೆಡಲ್ ಒತ್ತಿದರೆ ಗಿಟಾರ್ ಕೇಳುವುದೇ ಇಲ್ಲ. ಸಂಯೋಜಕರು ಬೇರೆ ಹೇಳದಿದ್ದರೆ ವೈಬ್ರಫೋನಿನ ದನಿ ಕಂಪಿಸುವಂತೆ ಮಾಡುವ ಮೋಟಾರ್ ಆಫ್.