ಸಕ್ಕರೆಗೆ ಬಾರದ ಬಣ್ಣ ಜೇನಿಗೆ ಬರುವುದೇಕೆ?

ವಿರಾಜಪೇಟೆಯ ವಿದ್ಯಾರ್ಥಿನಿಗೆ ನಮಸ್ಕಾರ. ಅಪಕರ್ಷಕ ಸಕ್ಕರೆಯನ್ನು, ಅಂದರೆ ತಾಮ್ರದ ಅಯಾನಿಗೆ ಎಲೆಕ್ಟ್ರಾನ್ ಕೊಡಬಲ್ಲ ಸಕ್ಕರೆಯನ್ನು, ನೀಲಿ ತಾಮ್ರ ದ್ರಾವಣದೊಂದಿಗೆ ಬಿಸಿಮಾಡಿ ಗುರುತಿಸುವ ಬೆನೆಡಿಕ್ಟ್ ಪರೀಕ್ಷೆಯಲ್ಲಿ ಸಕ್ಕರೆಯ ದ್ರಾವಣ ನೀಲಿಯಾಗಿಯೇ ಉಳಿದು ನಿಮ್ಮ ಕಾಫಿ ತೋಟದ ಜೇನುತುಪ್ಪ ಮಾತ್ರ ಇಟ್ಟಿಗೆಗೆಂಪಾದುದೇಕೆ, ಹಾಗೂ 3.42 ಗ್ರಾಂ ಸುಕ್ರೋಸ್ (ಅಡುಗೆಮನೆಯ ಸಕ್ಕರೆ) ಜಲವಿಭಜನೆಯಾದಾಗ, ಅಂದರೆ ನೀರು ಸೇರಿ ಒಡೆದಾಗ, ಒಟ್ಟು 3.60 ಗ್ರಾಂ ಸಕ್ಕರೆ ದೊರೆಯುವುದು ಹೇಗೆ ಎಂದು ಕೇಳಿದ್ದೀರಿ.

ಸುಕ್ರೋಸಿನಲ್ಲಿ ಗ್ಲೂಕೋಸಿನ ಒಂದನೆಯ ಇಂಗಾಲವೂ ಫ್ರಕ್ಟೋಸಿನ ಎರಡನೆಯ ಇಂಗಾಲವೂ, ಅಂದರೆ ತಾಮ್ರದ ಅಯಾನನ್ನು ಅಪಕರ್ಷಿಸಲು ಮುಕ್ತವಾಗಿರಬೇಕಾದ ಎರಡೂ ಸ್ಥಾನಗಳು, ಪರಸ್ಪರ ಬಂಧದಲ್ಲಿಯೇ ಸಿಲುಕಿರುವುದರಿಂದ ಉಂಗುರಗಳು ತೆರೆದುಕೊಳ್ಳಲಾರವು. ಮಕರಂದದ ಸುಕ್ರೋಸಿನ ಬಹುಭಾಗವನ್ನು ಜೇನುನೊಣದ ಇನ್ವರ್ಟೇಸ್ ಕಿಣ್ವವು ಮೊದಲೇ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಆದ್ದರಿಂದ ಜೇನನ್ನು ಕುದಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸಿದರೂ ಬಣ್ಣ ಬಂದೇ ಬರುತ್ತದೆ. ಫ್ರಕ್ಟೋಸ್ ಕೀಟೋಸ್ (ಕೀಟೋನ್ ಗುಂಪಿರುವ ಸಕ್ಕರೆ) ಅಲ್ಲವೇ, ಅದು ತಾಮ್ರವನ್ನು ಹೇಗೆ ಅಪಕರ್ಷಿಸುತ್ತದೆ ಎಂಬ ನಿಮ್ಮ ಸಂದೇಹ ಬಹಳ ಒಳ್ಳೆಯದು: ಕ್ಷಾರೀಯ ದ್ರಾವಣದಲ್ಲಿ ಅದು ಆಲ್ಡೋಸ್ (ಆಲ್ಡಿಹೈಡ್ ಗುಂಪಿರುವ ಸಕ್ಕರೆ) ರೂಪಕ್ಕೆ ಮಾರ್ಪಡಬಲ್ಲುದರಿಂದ ಅದೂ ಅಪಕರ್ಷಕ ಸಕ್ಕರೆಯೇ.

ಲೆಕ್ಕದಲ್ಲಿ ನೀವು 3.42 ಅನ್ನು ನೇರವಾಗಿ ಎರಡು ಭಾಗ ಮಾಡಿ ತಲಾ 1.71 ಎಂದು ಬರೆದಿದ್ದೀರಿ, ಆದರೆ ಸಮ ಪ್ರಮಾಣ ಇರುವುದು ಅಣುಗಳ ಎಣಿಕೆಯಲ್ಲಿ, ಅಂದರೆ ಮೋಲ್‌ಗಳಲ್ಲಿ. ಸುಕ್ರೋಸಿನ ಅಣುತೂಕ 342 ಆದುದರಿಂದ ನಿಮ್ಮಲ್ಲಿರುವುದು 0.01 ಮೋಲ್, ಅದರಿಂದ ಅಣುತೂಕ 180 ಇರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ತಲಾ 0.01 ಮೋಲ್, ಎಂದರೆ 1.80 ಗ್ರಾಂ, ದೊರೆಯುತ್ತವೆ. ಹೆಚ್ಚುವರಿ 0.18 ಗ್ರಾಂ ಎಂಬುದು ಬಂಧ ಒಡೆಯುವಾಗ ಸೇರಿಕೊಂಡ 0.01 ಮೋಲ್ ನೀರು. ಪಿಷ್ಟದ ಲೆಕ್ಕ ಬಂದಾಗಲೂ ಇದೇ ಕಾರಣಕ್ಕೆ ಸರಪಳಿಯೊಳಗಿನ ಪ್ರತಿ ಗ್ಲೂಕೋಸ್ ಘಟಕಕ್ಕೆ 180ರ ಬದಲು 162 ಎಂದು ಹಿಡಿಯಿರಿ.